ಮನೆ ತುಂಬ ನೆಂಟರಿರುವಾಗ ಸಿಂಕು, ಬಚ್ಚಲು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಕಳೆದ ವರ್ಷ ಹಬ್ಬದ ರಜೆಗೆ ನಮ್ಮ ಮನೆಯಲ್ಲಿ ಹನ್ನೊಂದು ಜನ ಸೇರಿದ್ದೆವು. ಎರಡನೆಯ ರಾತ್ರಿ ಅಡುಗೆಮನೆಯ ಸಿಂಕಿನಲ್ಲಿ ನೀರು ಇಳಿಯದೆ ನಿಂತುಬಿಟ್ಟಿತು. ಮುಸುರೆ ಪಾತ್ರೆಗಳನ್ನೆಲ್ಲ ಬಚ್ಚಲಿಗೆ ಹೊತ್ತು ತೊಳೆದೆವು. ಮರುದಿನ ಬಚ್ಚಲೂ ಕಟ್ಟಿಕೊಂಡಿತು. ರಜೆಯಾದ್ದರಿಂದ ರಿಪೇರಿಗೆ ಬರುವವರೂ ಸಿಗಲಿಲ್ಲ. ಈ ಸಲವೂ ಅಷ್ಟೇ ಜನ ಬರುವವರಿದ್ದಾರೆ, ಇನ್ನು ಮೂರು ವಾರ ಸಮಯವಿದೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಮ್ಮ ಮನೆಯಲ್ಲಿ ಎರಡು ವರ್ಷ ಸತತವಾಗಿ ಹೀಗೇ ಆಗಿತ್ತು. ಜನ ಹೆಚ್ಚಾದದ್ದೇ ಕಾರಣವೆಂದು ನಾನು ನಂಬಿದ್ದೆ. ಆದರೆ ಸಿಂಕಿನ ಕೆಳಗಿನ ಪೈಪು ಬಿಚ್ಚಿದಾಗ ಒಳಗೆ ಕಂಡದ್ದು ಮೇಣದಂತೆ ಬಿಳಿಯಾಗಿ ಗಟ್ಟಿಯಾಗಿದ್ದ ಜಿಡ್ಡು, ಅದೂ ಒಂದೆರಡು ದಿನದ್ದಲ್ಲ, ಪದರದ ಮೇಲೆ ಪದರವಾಗಿ ತಿಂಗಳುಗಟ್ಟಲೆ ಕೂತದ್ದು. ನೀರು ಹೋಗಲು ಒಂದು ಬೆರಳಿನಷ್ಟು ದಾರಿ ಉಳಿದಿತ್ತು. ಇಬ್ಬರ ಸಂಸಾರಕ್ಕೆ ಅಷ್ಟು ದಾರಿ ಸಾಕಾಗುತ್ತಿತ್ತು, ಹತ್ತು ಜನರ ಊಟದ ಪಾತ್ರೆಗೆ ಸಾಲಲಿಲ್ಲ.

ಎಣ್ಣೆ, ಬೆಣ್ಣೆ, ಕೊಬ್ಬು ಬಿಸಿಯಿರುವಾಗ ನೀರಿನಂತೆಯೇ ಹರಿದು ಹೋಗುವುದರಿಂದ ನಾವು ಮೋಸ ಹೋಗುತ್ತೇವೆ. ಸಾಬೂನು ಹಾಕಿ ಬಿಸಿನೀರು ಬಿಟ್ಟರೆ ಅದು ಸಣ್ಣ ಹನಿಗಳಾಗಿ ಒಡೆದು ಮುಂದಕ್ಕೆ ಸಾಗುತ್ತದೆ ನಿಜ, ಆದರೆ ನಾಲ್ಕಾರು ಅಡಿ ಆಚೆ, ನಮ್ಮ ಕೈಗೆ ಸಿಗದ ಜಾಗದಲ್ಲಿ, ತಣ್ಣಗಾಗಿ ಪೈಪಿನ ಗೋಡೆಗೆ ಅಂಟುತ್ತದೆ. ಆದ್ದರಿಂದ ಈಗ ನಾನು ಒಲೆಯ ಪಕ್ಕ ಒಂದು ಹಳೆಯ ಡಬ್ಬ ಇಟ್ಟಿದ್ದೇನೆ. ಉಳಿದ ಎಣ್ಣೆ ಆರಿದ ಮೇಲೆ ಅದಕ್ಕೆ ಹೋಗುತ್ತದೆ, ಬಾಣಲೆ ಮತ್ತು ತಟ್ಟೆಗಳನ್ನು ತೊಳೆಯುವ ಮೊದಲು ಕಾಗದದಿಂದ ಒರೆಸಿ ಕಸದ ಬುಟ್ಟಿಗೆ ಹಾಕುತ್ತೇವೆ. ಒಂದೇ ಒಂದು ಅಭ್ಯಾಸ ಬದಲಿಸಲು ಸಾಧ್ಯವಿದ್ದರೆ ದಯವಿಟ್ಟು ಇದನ್ನೇ ಬದಲಿಸಿ. ಅನ್ನದ ಅಗಳು, ಹಿಟ್ಟು, ಕಾಫಿಯ ಗಸಿ ಜಿಡ್ಡಿಗೆ ಮೆತ್ತಿಕೊಂಡು ಗಾರೆಯಂತಾಗುತ್ತವೆ. ಅವುಗಳಿಗೆ ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಸಾಕು.

ಉತ್ತರ 2

ನಾನು ಇಪ್ಪತ್ತು ವರ್ಷಗಳಿಂದ ಕೊಳಾಯಿ ಕೆಲಸ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದು ಸರಿ, ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮುಖ್ಯ ಸುಳಿವಿದೆ. ಸಿಂಕೊಂದೇ ಕಟ್ಟಿಕೊಂಡಿದ್ದರೆ ತೊಂದರೆ ಸಿಂಕಿನ ಕೆಳಗಿನ ಬಾಗಿನಲ್ಲಿ ಇರಬಹುದಿತ್ತು. ನಿಮ್ಮಲ್ಲಿ ಬಚ್ಚಲೂ ನಿಂತಿದೆ. ಎರಡೂ ಸೇರುವ ಮುಖ್ಯ ಪೈಪಿನಲ್ಲೇ ತಡೆ ಇರುವ ಸಾಧ್ಯತೆ ಹೆಚ್ಚು. ಅಂಥ ಕಡೆ ಮನೆಯ ಅತಿ ತಗ್ಗಿನ ಕಂಡಿಯಲ್ಲಿ ನೀರು ಮೊದಲು ಉಕ್ಕುತ್ತದೆ.

ಈ ವಾರವೇ ಒಂದು ಪರೀಕ್ಷೆ ಮಾಡಿ. ಸಿಂಕಿಗೆ ಬಿರಡೆ ಹಾಕಿ ಅಂಚಿನವರೆಗೆ ನೀರು ತುಂಬಿಸಿ, ಒಮ್ಮೆಗೇ ಬಿಡಿ. ನೀರು ಸುಳಿ ಕಟ್ಟಿಕೊಂಡು ಬೇಗ ಇಳಿದರೆ ದಾರಿ ಸರಾಗವಾಗಿದೆ ಎಂದರ್ಥ. ನಿಧಾನವಾಗಿ ಇಳಿದರೆ, ಅಥವಾ ಆ ಹೊತ್ತಿಗೆ ಬಚ್ಚಲಿನ ಕಂಡಿಯಲ್ಲಿ ಗೊಳಗೊಳ ಸದ್ದು ಕೇಳಿದರೆ, ನೆಂಟರು ಬರುವ ಮುನ್ನ ಹೊರಗಿನ ಚೇಂಬರಿನ ಮುಚ್ಚಳ ತೆಗೆಸಿ ಮುಖ್ಯ ಪೈಪನ್ನು ಶುಚಿ ಮಾಡಿಸಿ. ರಜೆ ಶುರುವಾದ ಮೇಲೆ ನಮಗೆ ಬರುವ ಕರೆಗಳಲ್ಲಿ ಅನೇಕವು ಮೂರು ವಾರ ಮೊದಲೇ ಮುಗಿಯಬಹುದಾಗಿದ್ದ ಕೆಲಸಗಳೇ. ಶುಚಿ ಮಾಡಿದ ಮೇಲೂ ಅದೇ ಜಾಗ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದರೆ ಪೈಪಿನ ಇಳಿಜಾರು ನೋಡಿಸಿ. ಮನೆಯೊಳಗಿನ ಸಣ್ಣ ಪೈಪುಗಳಿಗೆ ಸಾಮಾನ್ಯವಾಗಿ 50 ಅಡಿಗೆ 1 ಅಡಿಯಷ್ಟು ಇಳಿಜಾರು ಬೇಕು.

ಸಿಂಕಿನ ಕೆಳಗಿನ ಬಾಗನ್ನು ನೀವೇ ಬಿಚ್ಚಿ ತೊಳೆಯಬಹುದು: ಕೆಳಗೆ ಬಕೆಟ್ ಇಟ್ಟು ಎರಡು ನಟ್‌ಗಳನ್ನು ಕೈಯಿಂದಲೇ ತಿರುಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ವಾಷರ್ ಕೂತ ರೀತಿಯಲ್ಲೇ ಮತ್ತೆ ಕೂರಿಸಿ. ಒಂದು ಪ್ಲಂಜರ್ ಮನೆಯಲ್ಲಿರಲಿ. ಅದರ ರಬ್ಬರ್ ಬಟ್ಟಲು ಮುಳುಗುವಷ್ಟು ನೀರಿರಬೇಕು, ಸಿಂಕಿನ ಮೇಲಂಚಿನ ತೂತನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಬೇಕು. ಮುಚ್ಚದಿದ್ದರೆ ಒತ್ತಡವೆಲ್ಲ ಅಲ್ಲಿಂದಲೇ ಹೊರಟುಹೋಗುತ್ತದೆ.

ಉತ್ತರ 3

ರಸಾಯನಶಾಸ್ತ್ರ ಕಲಿಸುವವಳಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಅಡುಗೆ ಸೋಡಾ ಮತ್ತು ವಿನೆಗರ್ ಸುರಿಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅವೆರಡೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ನೊರೆಯಾಗಿ ಉಕ್ಕುತ್ತದೆ, ಉಳಿಯುವುದು ಒಂದು ಲವಣದ ದ್ರಾವಣ ಮಾತ್ರ; ಗಟ್ಟಿಯಾದ ಜಿಡ್ಡನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಅಂಗಡಿಯಲ್ಲಿ ಸಿಗುವ ಡ್ರೈನ್ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನು ಸಾಬೂನಾಗಿಸುತ್ತದೆ, ಕೂದಲನ್ನೂ ತಿನ್ನುತ್ತದೆ, ಜೊತೆಗೆ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಪೂರ್ತಿ ಕಟ್ಟಿಕೊಂಡ ಪೈಪಿಗೆ ಅದನ್ನು ಹಾಕಿದರೆ ಅಲ್ಲೇ ನಿಂತು ಕಾಯುತ್ತದೆ, ಅದರ ಶಾಖ ಪಿವಿಸಿ ಪೈಪನ್ನು ಮೆತ್ತಗೆ ಮಾಡಬಹುದು, ಆಮೇಲೆ ಪೈಪು ಬಿಚ್ಚುವವರ ಕೈಮೇಲೆ ಚೆಲ್ಲುತ್ತದೆ. ಹಾಕಿಬಿಟ್ಟಿದ್ದರೆ ಕೆಲಸಕ್ಕೆ ಬಂದವರಿಗೆ ಮೊದಲೇ ತಿಳಿಸಿ. ಬ್ಲೀಚಿನ ಮೇಲೆ ಆಮ್ಲವಿರುವ ಕ್ಲೀನರ್ ಸುರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಎರಡನ್ನೂ ಒಂದೇ ದಿನ ಒಂದೇ ಕಂಡಿಗೆ ಹಾಕುವುದೇ ಬೇಡ. ಕುದಿಯುವ ನೀರೂ ಪಿವಿಸಿಗೆ ಒಳ್ಳೆಯದಲ್ಲ.

ಉತ್ತರ 4

ಬಚ್ಚಲಿನ ಕಂಡಿಗೆ ಕೂದಲು ಹಿಡಿಯುವ ಜಾಲರಿ ಹಾಕಿ, ನೆಂಟರಿರುವಷ್ಟು ದಿನ ರಾತ್ರಿ ಒಮ್ಮೆ ತೆಗೆದು ಶುಚಿ ಮಾಡಿ. ಕಮೋಡಿನ ಪಕ್ಕ ಮುಚ್ಚಳವಿರುವ ಕಸದ ಬುಟ್ಟಿ ಇಡಿ. ಅದಿಲ್ಲದ ಕಡೆ ಒದ್ದೆ ವೈಪ್ಸ್, ಪ್ಯಾಡು, ಹತ್ತಿ ಎಲ್ಲವೂ ಕಮೋಡಿಗೇ ಹೋಗುತ್ತವೆ. ಬೇರೆಯವರ ಮನೆಯಲ್ಲಿ ಎಲ್ಲಿ ಹಾಕಬೇಕೆಂದು ಕೇಳಲು ಯಾರಿಗಾದರೂ ಸಂಕೋಚವೇ. ಟಾಯ್ಲೆಟ್ ಕಾಗದದಂತೆ ವೈಪ್ಸ್ ನೀರಿನಲ್ಲಿ ಬಿಡಿಬಿಡಿಯಾಗುವುದಿಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದ ಒಳಚರಂಡಿಯಲ್ಲಿ ಜಿಡ್ಡು ಮತ್ತು ವೈಪ್ಸ್ ಸೇರಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಮನೆಯ ಪೈಪಿನಲ್ಲಿ ನಡೆಯುವುದೂ ಅದೇ, ಅಳತೆ ಮಾತ್ರ ಚಿಕ್ಕದು.

ಇನ್ನೊಂದು ಮಾತು. ವರ್ಷವಿಡೀ ಬಳಸದ ಬಚ್ಚಲಿದ್ದರೆ ಅದರ ಬಾಗಿನಲ್ಲಿ ನಿಂತಿರಬೇಕಾದ ನೀರು ಆರಿಹೋಗಿ, ಚರಂಡಿಯ ವಾಸನೆ ಒಳಗೆ ಬರುತ್ತದೆ. ಒಂದು ಬಕೆಟ್ ನೀರು ಸುರಿದರೆ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಸಿಂಕು ತುಂಬಿಸಿ ನೀರು ಬಿಟ್ಟು ನೋಡಿದೆ. ಸುಳಿ ಕಟ್ಟಲಿಲ್ಲ, ಬಚ್ಚಲಿನಲ್ಲಿ ಗೊಳಗೊಳ ಸದ್ದು ಸ್ಪಷ್ಟವಾಗಿ ಕೇಳಿಸಿತು. ಚೇಂಬರ್ ತೆಗೆಸಲು ಬರುವ ಭಾನುವಾರಕ್ಕೆ ಜನ ಗೊತ್ತುಮಾಡಿದ್ದೇನೆ, ಒಲೆಯ ಪಕ್ಕಕ್ಕೆ ಡಬ್ಬವೂ ಬಂದಿದೆ.