ಬೇಸ್‌ಮೆಂಟ್ ಫೈವ್ ಮರುಬಿಡುಗಡೆ: ಇದರಲ್ಲಿ ಡಬ್ ಎಲ್ಲಿದೆ?

ಹಳೇ_ಟೇಪು:
ಲಂಡನ್ನಿನ ಬೇಸ್‌ಮೆಂಟ್ ಫೈವ್ ಬ್ಯಾಂಡಿನ ‘1965–1980’ ಆಲ್ಬಮ್ಮಿನ ಸಿಡಿ ಮೊನ್ನೆ ಕೈಗೆ ಬಂತು. ಮರುಬಿಡುಗಡೆಯದು, ಜೊತೆಗೆ ಅವರದೇ ಡಬ್ ರೆಕಾರ್ಡ್ ‘ಇನ್ ಡಬ್’ ಕೂಡ ಸೇರಿಸಿದ್ದಾರೆ. ಜಾಯ್ ಡಿವಿಷನ್ ಬ್ಯಾಂಡಿನ ‘ಅನ್‌ನೋನ್ ಪ್ಲೆಶರ್ಸ್’ ಆಲ್ಬಮ್ ಅಂದರೆ ನನಗೆ ಪ್ರಾಣ. ಅದರ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಇದಕ್ಕೂ ಕೆಲಸ ಮಾಡಿದ್ದಾರೆ ಅಂತ ಗೊತ್ತಾದ ಮೇಲೆ ತಡೆಯಲು ಆಗಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಮೂರು ಸಲ ಕೇಳಿದೆ. ಗಿಟಾರ್ ತಗಡು ಕೆರೆದ ಹಾಗಿದೆ, ಹಾಡುಗಾರ ನೇರ ಮುಖಕ್ಕೇ ಕೂಗುತ್ತಾರೆ. ಎರಡೂ ಇಷ್ಟವಾದವು. ಆದರೆ ಎಲ್ಲರೂ ಇದಕ್ಕೆ ಜಮೈಕಾದ ಡಬ್ ಸಂಗೀತದ ಪ್ರಭಾವ ಜಾಸ್ತಿ ಅಂತಾರೆ. ನನಗೆ ಅದು ಸಿಗಲೇ ಇಲ್ಲ. ಎಲ್ಲಿ ಕಿವಿ ಇಡಬೇಕು?

ತಗ್ಗುಸ್ವರ:
ಮೊದಲು ಆ ಲ್ಯಾಪ್‌ಟಾಪ್ ಸ್ಪೀಕರ್ ಬಿಡಿ. ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ಅದರಲ್ಲಿ ಹೊರಗೇ ಬರುವುದಿಲ್ಲ. ಅರ್ಧ ರೆಕಾರ್ಡ್ ಒಳಗೇ ಉಳಿದುಹೋಗಿದೆ.

ಡಬ್‌ನಲ್ಲಿ ಮುಖ್ಯ ಕೆಲಸ ತೆಗೆಯುವುದು. 1970ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿ ಅನ್ನುವ ಸೌಂಡ್ ಎಂಜಿನಿಯರ್ ಮಾಡಿದ್ದು ಅದನ್ನೇ. ಅವರು ಎಲೆಕ್ಟ್ರಾನಿಕ್ಸ್ ರಿಪೇರಿ ಕಲಿತವರು. ಆಗಲೇ ಮುಗಿದ ಹಾಡಿನ ಟೇಪ್ ತಗೊಂಡು ದನಿ ತೆಗೆದರು, ಗಿಟಾರ್ ತೆಗೆದರು, ಬೇಸು ಡ್ರಮ್ಮು ಉಳಿಸಿದರು. ಎಲ್ಲೋ ಒಂದು ಪದ ಬಂದು ಎಕೋದಲ್ಲಿ ಕರಗಿಹೋಗುತ್ತದೆ, ಅಷ್ಟೇ. ಹ್ಯಾನೆಟ್ ಕೂಡ ಡಿಲೇ ಯಂತ್ರದ (ಸದ್ದನ್ನು ತುಸು ತಡವಾಗಿ ಮತ್ತೆ ಕೇಳಿಸುವಂಥದ್ದು) ಹುಚ್ಚಿದ್ದವರು. ನಿಮ್ಮ ಜಾಯ್ ಡಿವಿಷನ್ ಡ್ರಮ್ ಖಾಲಿ ಕೋಣೆಯಲ್ಲಿ ಬಿದ್ದ ಹಾಗೆ ಕೇಳುತ್ತದೆ ಅಲ್ವಾ? ಅದೇ ಕಿವಿ ಇಲ್ಲೂ ಕೆಲಸ ಮಾಡಿದೆ.

ಈಗ ಹೆಡ್‌ಫೋನ್ ಹಾಕಿಕೊಂಡು ಆಲ್ಬಮ್ಮಿನ ‘ಇಮಿಗ್ರೇಷನ್’ ಹಾಡು ಕೇಳಿ. ಮುಗಿದ ತಕ್ಷಣ ‘ಇನ್ ಡಬ್’ನಲ್ಲಿರುವ ‘ಇಮಿಗ್ರಂಟ್ ಡಬ್’ಗೆ ಹೋಗಿ. ಲಿಯೋ ವಿಲಿಯಮ್ಸ್ ಅವರ ಬೇಸ್ ಬಿಟ್ಟು ಬೇರೆ ಏನನ್ನೂ ಹಿಂಬಾಲಿಸಬೇಡಿ. ನಾನೂ ಬೇಸ್ ನುಡಿಸುತ್ತೇನೆ. ಈ ಥರದ ಸಾಲು ಕಲಿಯಲು ಕೂತಾಗ ಬೆರಳಿಗೆ ಏನೂ ಕಷ್ಟವಾಗಲಿಲ್ಲ, ಕಾಯುವುದೇ ಕಷ್ಟವಾಯಿತು. ಸ್ವರ ಬಿಟ್ಟ ಕೂಡಲೇ ಅಂಗೈ ತಂತಿ ಮೇಲಿಟ್ಟು ಅದನ್ನು ಸುಮ್ಮನಾಗಿಸಬೇಕು. ಮುಂದಿನದಕ್ಕೆ ಕೈ ತಾನಾಗಿ ಓಡುತ್ತದೆ, ತಡೆದು ಹಿಡಿಯಬೇಕು. ಒಂದು ವಾರ ಬೇಕಾಯಿತು ನನಗೆ.

ಕಪ್ಪುಬಿಳುಪು:
ಹಾಡುಗಾರರ ಬಗ್ಗೆ ಒಂದು ಮಾತು. ಡೆನ್ನಿಸ್ ಮಾರಿಸ್ ಮೂಲತಃ ಫೋಟೋಗ್ರಾಫರ್. ಜಮೈಕಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ಬೆಳೆದವರು. ಸ್ಕೂಲಿಗೆ ಹೋಗುವ ವಯಸ್ಸಿನಲ್ಲೇ ಬಾಬ್ ಮಾರ್ಲಿ ಫೋಟೋ ತೆಗೆದರು, 1977ರಲ್ಲಿ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಫೋಟೋ. ಪಬ್ಲಿಕ್ ಇಮೇಜ್ ಲಿಮಿಟೆಡ್ ಬ್ಯಾಂಡಿನ ಲೋಗೋ ಕೂಡ ಅವರದೇ. ಬೇಸ್‌ಮೆಂಟ್ ಫೈವ್‌ನಲ್ಲಿ ಡ್ರಮ್ ನುಡಿಸಿದ ರಿಚರ್ಡ್ ಡುಡಾನ್‌ಸ್ಕಿ ಅದೇ ಬ್ಯಾಂಡಿನಲ್ಲಿ 1979ರಲ್ಲಿ ಇದ್ದವರು.

ರೆಕಾರ್ಡ್ ಬಂದಿದ್ದು 1980ರಲ್ಲಿ. ಅದರಲ್ಲಿ ‘ರಯಟ್’ (ಗಲಭೆ) ಅಂತ ಒಂದು ಹಾಡಿದೆ. ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆ ಗಲಭೆಯಲ್ಲಿ ಹೊತ್ತಿಕೊಂಡಿದ್ದು ಮರುವರ್ಷ ಏಪ್ರಿಲ್‌ನಲ್ಲಿ. ಲಂಡನ್ನಿನ ಕಪ್ಪು ಹುಡುಗರು ತಮ್ಮ ಬೀದಿಯ ಮಾತನ್ನು ಇಷ್ಟು ನೇರವಾಗಿ ಹೇಳಿದ ಪೋಸ್ಟ್-ಪಂಕ್ (ಪಂಕ್ ಅಲೆಯ ನಂತರ ಬಂದ ರಾಕ್) ರೆಕಾರ್ಡ್ ತುಂಬಾ ಕಡಿಮೆ. ಪೋಸ್ಟ್-ಪಂಕ್ ಪಟ್ಟಿ ಮಾಡುವವರು ಇದನ್ನು ಬಿಟ್ಟಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹಳೇ_ಟೇಪು:
ನಿನ್ನೆ ರಾತ್ರಿ ದೀಪ ಆರಿಸಿ ಹೆಡ್‌ಫೋನ್‌ನಲ್ಲಿ ಕೇಳಿದೆ, ತಗ್ಗುಸ್ವರ ಅವರು ಹೇಳಿದ ಹಾಗೇ, ಒಂದರ ಹಿಂದೆ ಒಂದು. ಮೊದಲ ಸಲ ಬೇಸ್ ಎದೆಗೆ ತಾಗಿತು. ಎರಡನೆಯದರಲ್ಲಿ ಮಾತು ಇನ್ನೂ ಬರುತ್ತದೆ ಅಂತ ಕಾಯುತ್ತಲೇ ಇದ್ದೆ. ಆ ಕಾಯುವುದೇ ಹಿತವಾಗಿತ್ತು. ಇಬ್ಬರಿಗೂ ಮನಸಾರೆ ಧನ್ಯವಾದ. ಇದಾದ ಮೇಲೆ ಯಾವುದು ಕೇಳಲಿ? ಸ್ಲಿಟ್ಸ್ ಬ್ಯಾಂಡಿನ ‘ಕಟ್’ ಆಲ್ಬಮ್ ನನ್ನ ಹತ್ತಿರ ಇದೆ.

ತಗ್ಗುಸ್ವರ:
ಹಾಗಾದರೆ ರಟ್ಸ್ ಡಿಸಿ ಬ್ಯಾಂಡಿನ ‘ರಿದಮ್ ಕೊಲಿಷನ್’, 1982. ಹಾಡುಗಾರ ಮಾಲ್ಕಮ್ ಓವೆನ್ 1980ರಲ್ಲಿ ತೀರಿಕೊಂಡ ಮೇಲೆ ಉಳಿದವರು ಡಬ್ ನಿರ್ಮಾಪಕ ಮ್ಯಾಡ್ ಪ್ರೊಫೆಸರ್ ಜೊತೆ ಕೂತು ಮಾಡಿದ್ದು. ಅದಕ್ಕೂ ದೀಪ ಆರಿಸಿ.