ಸೈಕಲ್ ತುಳಿದರೆ ಶುಗರ್ ಮಾತ್ರೆ ಬೇಡವಂತೆ!

ಗುಂಪು: ನಮ್ಮ ಬಳಗ, ಮೈಸೂರು

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) "ಆಫೀಸಿಗೆ ದಿನಾ ಸೈಕಲ್ ತುಳಿಯಿರಿ, 90 ದಿನದಲ್ಲಿ ಶುಗರ್ ಮಾತ್ರೆ ಬಿಸಾಡಿ! ಹತ್ತು ಜನಕ್ಕೆ ಕಳಿಸಿ." 🙏

ಮಧು: ಯಾರು ಹೇಳಿದ್ದು ದೊಡ್ಡಪ್ಪ? ಹೆಸರಿಲ್ಲ, ಊರಿಲ್ಲ.

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಹಿಂದಿನವರು ಮೈಬಗ್ಗಿಸಿ ದುಡೀತಿದ್ರು. ಈಗ ಹಾಲು ತರೋಕೂ ಸ್ಕೂಟರ್.

ಚೇತನಾ: ತುಳಿಯೋದು ಒಳ್ಳೇದೇ. ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿರೋ ಸಕ್ಕರೆ ಎಳ್ಕೊಳ್ಳುತ್ತೆ, ಅದರ ಪರಿಣಾಮ ಮರುದಿನದವರೆಗೂ ಇರಬಹುದು. ಆದ್ರೆ ಮಾತ್ರೆ ಯಾವುದು ಅನ್ನೋದು ಮುಖ್ಯ. ಬರೀ ಮೆಟ್‌ಫಾರ್ಮಿನ್ ಆದ್ರೆ ಶುಗರ್ ತೀರಾ ಇಳಿಯೋದು ಅಪರೂಪ. ಗ್ಲಿಮೆಪಿರೈಡೋ ಇನ್ಸುಲಿನ್ನೋ ಇದ್ರೆ ದಾರಿಯಲ್ಲೇ ಇಳಿಯಬಹುದು. ಹೊರಡೋ ಮುಂಚೆ ಶುಗರ್ 90ಕ್ಕಿಂತ ಕಮ್ಮಿ ಇದ್ರೆ ಎರಡು ಏಲಕ್ಕಿ ಬಾಳೆಹಣ್ಣು ತಿಂದೇ ಹತ್ತಬೇಕು.

ರಘು: ಸೈಕಲ್ ಅಂದ್ರೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಕಣ್ರೋ! 2017ರಲ್ಲಿ ನಮ್ಮೂರಿಗೆ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಬಂತು, ಆದ್ರೂ ಒಳಪೆಡ್ಲಿನ ಮಜಾ ಎಲ್ಲಿ 😄

ಚಿಕ್ಕಮ್ಮ: ನಮ್ಮೋರು ಸೋಮವಾರದಿಂದ ಕುವೆಂಪುನಗರದಿಂದ ಹೆಬ್ಬಾಳಕ್ಕೆ ಸೈಕಲ್ಲಲ್ಲೇ ಹೋಗ್ತಾರಂತೆ. ಅವರ ಶುಗರ್ ಮಾತ್ರೆ ಸ್ಟ್ರಿಪ್ ಹಿಂದೆ ಗ್ಲಿಮೆಪಿರೈಡ್ 1, ಮೆಟ್‌ಫಾರ್ಮಿನ್ 500, ವೋಗ್ಲಿಬೋಸ್ 0.2 ಅಂತಿದೆ. ಏನಾದ್ರೂ ಆಗುತ್ತಾ?

ದೊಡ್ಡಪ್ಪ: ಏನೂ ಆಗಲ್ಲಮ್ಮ. ಒಂದುಂಡೆ ಬೆಲ್ಲ ಜೇಬಲ್ಲಿದ್ರೆ ಸಾಕು.

ಚೇತನಾ: ಬೆಲ್ಲ ಬೇಡ ದೊಡ್ಡಪ್ಪ. ಕರುಳಲ್ಲಿ ಸಕ್ಕರೆ ಒಡೆಯೋದನ್ನ ತಡೆಯೋದೇ ವೋಗ್ಲಿಬೋಸ್ ಕೆಲಸ. ಬೆಲ್ಲ ತಿಂದ್ರೂ, ಸಕ್ಕರೆ ತಿಂದ್ರೂ ಬೇಗ ಏರಲ್ಲ. ಗ್ಲೂಕೋಸ್ ಪುಡಿನೇ ಬೇಕು. ತಲಾ 15 ಗ್ರಾಂ ತೂಗಿ ಮೂರು ಪೊಟ್ಟಣ ಕಟ್ಟಿಡಿ. ಬ್ಯಾಗಲ್ಲಲ್ಲ, ಶರ್ಟ್ ಜೇಬಲ್ಲಿ. ಕೈ ನಡುಗುವಾಗ ಜಿಪ್ ತೆಗೆಯೋಕಾಗಲ್ಲ.
ತುಳಿಯುವಾಗ ಹೇಗೂ ಬೆವರ್ತೀವಿ, ಅದಕ್ಕೇ ಶುಗರ್ ಇಳಿದಿದ್ದು ಗೊತ್ತಾಗೋದು ತಡ. ತಲೆ ಮಂಕಾದ್ರೆ, ನಡುಕ ಬಂದ್ರೆ ತಕ್ಷಣ ಇಳಿದು ಚೆಕ್ ಮಾಡ್ಬೇಕು. 70ಕ್ಕಿಂತ ಕೆಳಗಿದ್ರೆ ಒಂದು ಪೊಟ್ಟಣ ಬಾಯಿಗೆ, 15 ನಿಮಿಷ ಕೂತು ಮತ್ತೆ ಚೆಕ್. ಮೀಟರ್ ಕೈಲಿಲ್ದಿದ್ರೆ ಕಾಯೋದೇ ಬೇಡ, ಪುಡಿ ತಿನ್ನಿ. ಪುಡಿ ಅಂಟಿದ ಬೆರಳಿಗೇ ಚುಚ್ಚಿದ್ರೆ ಮೀಟರ್ ಸುಳ್ಳೇ ಜಾಸ್ತಿ ತೋರಿಸುತ್ತೆ. ನೀರಲ್ಲಿ ತೊಳೆದು, ಒರೆಸಿ ಚುಚ್ಚಬೇಕು.

ದೊಡ್ಡಪ್ಪ: ಆಯ್ತಮ್ಮ, ದೊಡ್ಡವರ ಮಾತು ಯಾರಿಗೂ ಬೇಡ.

ಮಧು: ಲಾಕ್‌ಡೌನಲ್ಲಿ ದಿನಕ್ಕೊಂದು ಕಷಾಯ ಫಾರ್ವರ್ಡ್ ಮಾಡಿದ್ದು ಯಾವ ದೊಡ್ಡವರು?

ದೊಡ್ಡಪ್ಪ: ಗೃಹಪ್ರವೇಶಕ್ಕೆ ಒಂದು ಫೋನೂ ಮಾಡದೆ ಇದೇ ಗುಂಪಲ್ಲಿ ಕಾರ್ಡ್ ಹಾಕಿ ಕೈತೊಳ್ಕೊಂಡವನಿಂದ ನಾನು ಕಲೀಬೇಕಾ?

ರಘು: ಹೋಳಿಗೆ ಮಾತ್ರ ಚೆನ್ನಾಗಿತ್ತು ಬಿಡಿ.

ಮಧು: ರಘು ಅಣ್ಣ, ಸುಮ್ನಿರು.

ಚೇತನಾ: ಚಿಕ್ಕಮ್ಮ, ಚಿಕ್ಕಪ್ಪಂಗೆ ಚಪ್ಪಲಿ ಹಾಕ್ಕೊಂಡು ತುಳಿಯೋದು ಬೇಡ ಅನ್ನಿ. ಶುಗರಿಂದ ಪಾದ ಜೋಮು ಹಿಡಿದಿದ್ರೆ ಪೆಡಲ್ ತರಚಿದ್ದೂ ಗೊತ್ತಾಗಲ್ಲ. ಮುಂದೆ ಮುಚ್ಚಿದ ಶೂ, ಸಂಜೆ ಬಂದು ಅಂಗಾಲು, ಬೆರಳಸಂದಿ ನೋಡ್ಕೋಬೇಕು. ಸೋಮವಾರಕ್ಕೆ ಮೊದಲೇ ಡಾಕ್ಟರಿಗೆ ಒಂದು ಮಾತು ಹೇಳಿ. ಹೋಗುವಾಗ, ಬಂದಮೇಲೆ ಎರಡೂ ರೀಡಿಂಗ್ ಬರೆದಿಟ್ಟು ವಾರ ಆದ್ಮೇಲೆ ತೋರಿಸಿ. ಗ್ಲಿಮೆಪಿರೈಡ್ ಇಳಿಸೋದೋ ಬಿಡೋದೋ ಅವರೇ ಹೇಳಲಿ.

ಚಿಕ್ಕಮ್ಮ: ಸರಿ ಕಣೇ ಚೇತು, ಎಲ್ಲಾ ಓದಿದೆ. ಬೆಲ್ಲ ಅಚ್ಚಿಂದು ಪರವಾಗಿಲ್ವಾ, ಉಂಡೆದೇ ಬೇಕಾ?

ಚೇತನಾ: ಫೋನ್ ಮಾಡ್ತೀನಿ, ಇರಿ.