ಬೇರಿನ ತುದಿ ಮುಚ್ಚದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದರೆ ನಿಲ್ಲುತ್ತದಾ?

ದಾವಣಗೆರೆಯ ಅಮ್ಮ:
ಮಗನಿಗೆ 8 ವರ್ಷ. ಸೈಕಲ್‌ನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಮುರಿದಿತ್ತು. ಈಗ ಅದರ ಮೇಲೆ ವಸಡಿನಲ್ಲಿ ಕೀವಿನ ಗುಳ್ಳೆ ಬಂದಿದೆ. ಎಕ್ಸ್‌ರೇ ತೆಗೆದು, ಬೇರಿನ ತುದಿ ಇನ್ನೂ ತೆರೆದಿದೆ ಅಂದರು. ಒಬ್ಬ ಡಾಕ್ಟರು ತುದಿಗೆ ಎಂಟಿಎ ಅನ್ನೋ ಸಿಮೆಂಟು ಹಾಕೋಣ ಅಂತಾರೆ. ಇನ್ನೊಬ್ಬರು ಒಳಗೆ ರಕ್ತ ಬರಿಸಿ ಬೇರು ಬೆಳೆಸೋಣ ಅಂತಾರೆ. ನಮ್ಮತ್ತೆ ಕೀಳಿಸಿಬಿಡು ಅಂತಿದ್ದಾರೆ. ಏನು ಮಾಡಲಿ?

ಹಲ್ಲಿನ ಡಾಕ್ಟರ್:
ದಯವಿಟ್ಟು ಕೀಳಿಸಬೇಡಿ. ದವಡೆ ಬೆಳೆದು ಮುಗಿಯುವವರೆಗೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕುವಂತಿಲ್ಲ. ಅಲ್ಲಿಯವರೆಗೆ ಆ ಜಾಗದ ಮೂಳೆಯೂ ಕರಗುತ್ತದೆ.

ಈ ಹಲ್ಲು 7-8 ವರ್ಷಕ್ಕೆ ಹುಟ್ಟುತ್ತದೆ. ಬೇರು ಪೂರ್ತಿಯಾಗಲು ಮತ್ತೆ ಸುಮಾರು 3 ವರ್ಷ ಬೇಕು. ನಡುವೆ ನರ ಸತ್ತರೆ ಬೇರು ಅಲ್ಲಿಗೇ ನಿಲ್ಲುತ್ತದೆ. ಬೇರಿನ ಗೋಡೆ ತೆಳು, ತುದಿ ಅಗಲ. ಮಾಮೂಲಿ ರೂಟ್ ಕೆನಾಲ್ ಮಾಡಿದರೆ ತುಂಬಿದ್ದು ತುದಿಯಿಂದಾಚೆ ಹೋಗುತ್ತದೆ.

ಹಿಂದೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನೋ ಔಷಧಿ ತುಂಬಿ, ತುದಿಯಲ್ಲಿ ಗಟ್ಟಿ ಪದರ ಬರಲಿ ಅಂತ ತಿಂಗಳುಗಟ್ಟಲೆ ಕಾಯುತ್ತಿದ್ದರು. ಕೀವು ವಾಸಿಯಾಗುತ್ತಿತ್ತು, ಆದರೆ ಹಲ್ಲು ವಸಡಿನ ಹತ್ತಿರ ಮುರಿಯುತ್ತಿತ್ತು. 1992ರಲ್ಲಿ ಸ್ವೀಡನ್ನಿನ ಹಲ್ಲಿನ ತಜ್ಞ ಮಿಯೋಮಿರ್ ಸ್ವೆಕ್ ಪ್ರಕಟಿಸಿದ ಲೆಕ್ಕ ನೋಡಿ: ಬೇರು ತೀರಾ ಎಳೆಯದಿದ್ದ ಹಲ್ಲುಗಳಲ್ಲಿ 77% ಹೀಗೆ ಮುರಿದಿದ್ದವು, ಹೆಚ್ಚು ಬೆಳೆದಿದ್ದವುಗಳಲ್ಲಿ 28%. ಅಂದರೆ ಸೋಂಕು ಹೋದರಷ್ಟೇ ಸಾಲದು, ಗೋಡೆ ಎಷ್ಟು ದಪ್ಪ ಅನ್ನೋದೇ ಮುಖ್ಯ.

ಎಂಟಿಎ ಒದ್ದೆಯಲ್ಲೇ ಗಟ್ಟಿಯಾಗುವ ಸಿಮೆಂಟು. ತುದಿಗೆ 4 ಮಿ.ಮೀ.ನಷ್ಟು ಹಾಕಿದರೆ ಬಿರಡೆ ಆಯಿತು, ಒಂದೆರಡು ಭೇಟಿಗೆ ಮುಗಿಯುತ್ತದೆ. ಗೋಡೆ ಮಾತ್ರ ಹಾಗೇ ಉಳಿಯುತ್ತದೆ. ರಕ್ತ ಬರಿಸುವ ಚಿಕಿತ್ಸೆಯಲ್ಲಿ ಮೊದಲು ಒಳಗೆ ತೊಳೆದು, ಕೆಲವು ವಾರ ಔಷಧಿ ಇಟ್ಟು, ಆಮೇಲೆ ತೆಳು ಸೂಜಿಯಂಥ ಫೈಲ್‌ನಿಂದ ತುದಿಯಾಚೆ ಚುಚ್ಚಿ ರಕ್ತ ಹೆಪ್ಪುಗಟ್ಟಿಸುತ್ತಾರೆ. ಬೇರು ದಪ್ಪವಾಗಬಹುದು, ಆಗದೆಯೂ ಇರಬಹುದು. ಎಕ್ಸ್‌ರೇಯಲ್ಲಿ ಬೇರು ಎಷ್ಟುದ್ದ ಇದೆ?

ಹುಬ್ಬಳ್ಳಿಯಿಂದ:
ನಮ್ಮ ಮಗಳಿಗೆ ಎಂಟಿಎ ಹಾಕಿಸಿದ್ವಿ. ಹಲ್ಲು ಗಟ್ಟಿಯಾಗಿದೆ, ಆದರೆ ಬೂದು ಬಣ್ಣಕ್ಕೆ ತಿರುಗಿದೆ. ಬಣ್ಣ ಬದಲಾಗದ ಸಿಮೆಂಟು ಇದೆಯಾ ಅಂತ ಮೊದಲೇ ಕೇಳಿ.

ದಾವಣಗೆರೆಯ ಅಮ್ಮ:
ಬೇರು ಅರ್ಧವೇ ಬೆಳೆದಿದೆ, ಗೋಡೆ ತುಂಬಾ ತೆಳು ಅಂದರು ಸರ್.

ಹಲ್ಲಿನ ಡಾಕ್ಟರ್:
ಹಾಗಿದ್ದರೆ ನಾನು ಮೊದಲು ರಕ್ತ ಬರಿಸುವುದಕ್ಕೇ ಒಪ್ಪುತ್ತೇನೆ. ಅದು ಫಲಿಸದಿದ್ದರೂ ಆಮೇಲೆ ಎಂಟಿಎ ಹಾಕಬಹುದು. ಮಿನೊಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಇರುವ ಔಷಧಿ ಒಳಗೆ ಇಡುವುದು ಬೇಡ ಅನ್ನಿ, ಅದೂ ಹಲ್ಲನ್ನು ಕಪ್ಪಾಗಿಸುತ್ತದೆ. 6 ತಿಂಗಳಿಗೆ, ಆಮೇಲೆ ವರ್ಷವರ್ಷ ಎಕ್ಸ್‌ರೇ ತಪ್ಪಿಸಬೇಡಿ. ಕೀವಿದೆ ಅಲ್ವಾ, ಈ ವಾರವೇ ಶುರು ಮಾಡಿಸಿ.